ಗುಬ್ಬಿಯ ತೂಕ

ಹಿರಿಸೊಸೆಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಮೇಲೆ ಮೆಲ್ಲಗೆ ತೆರೆದು ತೋರಿಸುವಷ್ಟು ಸಣ್ಣ ಕಿಚ್ಚಲ್ಲ ಅದು. ಓರಗಿತ್ತಿಯ ಒಡವೆಯ ಮೇಲಲ್ಲ, ಮೈದುನನ ಸಂಬಳದ ಮೇಲೂ ಅಲ್ಲ. ಓರಗಿತ್ತಿಯ ಮಗುವಿನ ತೊಡೆಯ ಮೇಲೆ! ಆ ತೊಡೆಯಲ್ಲಿ ಮೂರು ಮಡಿಕೆ ಬೀಳುತ್ತಿತ್ತು. ತನ್ನ ಮಗಳ ತೊಡೆಯಲ್ಲಿ ಒಂದೂ ಇಲ್ಲ.

ಒಂದೇ ಮನೆ, ಇಬ್ಬರು ಸೊಸೆಯರು, ಹನ್ನೆರಡು ದಿನದ ಅಂತರದಲ್ಲಿ ಎರಡು ಮಕ್ಕಳು. ಹಿರಿಯವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಊರವರ ಕಿಟಕಿಗೆಲ್ಲ ಪರದೆ ಹೊಲಿಯುವವಳು. ಕಿರಿಯವಳು ಶಾಲೆಯ ವ್ಯಾನ್ ಓಡಿಸುವವಳು. ಹಿರಿಯವಳ ಮಗಳನ್ನು ಅತ್ತೆ ‘ಗುಬ್ಬಿ’ ಎಂದು ಕರೆದರು, ಕಿರಿಯವಳ ಮಗನನ್ನು ‘ಗುಂಡ’ ಎಂದರು. ಅತ್ತೆ ಮುದ್ದಿಗೇ ಕರೆದದ್ದು. ಆದರೆ ಹಿರಿಯವಳ ಕಿವಿಗೆ ‘ಗುಬ್ಬಿ’ ಅಂದಾಗಲೆಲ್ಲ ಯಾರೋ ಸೂಜಿ ಚುಚ್ಚಿದಂತಾಗುತ್ತಿತ್ತು.

ಅನ್ಯಾಯ ಎಲ್ಲಿದೆ ನೋಡಿ. ಹಿರಿಯವಳು ಬಟ್ಟಲನ್ನು ಎರಡು ಸಲ ಕುದಿಸುವಳು, ಗಂಜಿಯನ್ನು ಸೋಸುವಳು, ಗಡಿಯಾರ ನೋಡಿ ಉಣಿಸುವಳು. ಕಿರಿಯವಳೋ, ವ್ಯಾನ್ ನಿಲ್ಲಿಸಿ ಓಡಿಬಂದು, ಕೈ ತೊಳೆದಳೋ ಇಲ್ಲವೋ, ಗುಂಡನ ಬಾಯಿಗೆ ಏನಾದರೂ ತುರುಕಿ ಮತ್ತೆ ಓಡುವಳು. ಅವನು ಬಾಗಿಲ ಒರಸುಬಟ್ಟೆಯನ್ನು ಚೀಪುತ್ತಾನೆ, ಚಪ್ಪಲಿ ನೆಕ್ಕುತ್ತಾನೆ, ಮೈ ತುಂಬಿಕೊಳ್ಳುತ್ತಾನೆ. ಗುಬ್ಬಿ ನಾಲ್ಕು ಗುಟುಕು ಹಾಲು ಕುಡಿಯುವುದರೊಳಗೆ ಸೋತು, ಹಣೆಯಲ್ಲಿ ಬೆವರೊಡೆದು, ಏದುಸಿರು ಬಿಟ್ಟು ಮುಖ ತಿರುಗಿಸುತ್ತಾಳೆ. ‘ಸೆಕೆ’ ಎಂದು ಹಿರಿಯವಳು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಚಳಿಗಾಲ ಬಂತು, ಆಗಲೂ ಬೆವರು. ಆಗಲೂ ಸೆಕೆಯೇ.

ತಿಂಗಳಿಗೊಮ್ಮೆ ಬುಧವಾರ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ತೂಕ. ಅಲ್ಲಿಯ ಪದ್ಧತಿ ಹೀಗೆ: ಚಳಿಯ ಕೋಣೆಯಾದ್ದರಿಂದ ಮಗುವಿನ ಮೈಮೇಲೆ ಒಂದು ತೆಳು ಅಂಗಿ ಇರಬಹುದು. ತಕ್ಕಡಿಯ ಮೇಲೆ ತಾಯಿಯೇ ಕೂರಿಸಬೇಕು. ನರ್ಸಮ್ಮ ಮುಳ್ಳು ನೋಡಿ ಕಾರ್ಡಿನಲ್ಲಿ ಚುಕ್ಕೆ ಹಾಕಿ, ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತಾರೆ. ಆ ಕೂಗೇ ಹಿರಿಯವಳ ಶತ್ರು.

ಆರನೆಯ ತಿಂಗಳು ಗುಬ್ಬಿ ಆರು ಕೆಜಿ ಇದ್ದಳು. ಏಳನೆಯ ತಿಂಗಳೂ ಅಷ್ಟೇ.

“ಆರು, ಅಲ್ಲೇ ನಿಂತಿದೆ! ಮುಂದಿನ ಸಲವೂ ಏರದಿದ್ರೆ ಮಕ್ಕಳ ಡಾಕ್ಟರ ಪಟ್ಟಿಗೆ ಬರೀತೀನಿ ಕಣಮ್ಮ” ಎಂದು ನರ್ಸಮ್ಮ ಕೂಗಿದರು. ಆ ಡಾಕ್ಟರು ಅಲ್ಲಿಗೆ ಮೂರು ತಿಂಗಳಿಗೊಮ್ಮೆ ಬರುವವರು.

ಅದರ ಬೆನ್ನಿಗೇ ಗುಂಡನ ಸರದಿ. “ಎಂಟು ಮುನ್ನೂರು! ಶಹಬ್ಬಾಸ್!” ಹತ್ತು ಜನ ತಾಯಂದಿರು ಅವನ ಕೆನ್ನೆ ಹಿಂಡಿದರು. ಕಿರಿಯವಳು, “ಏನೋಪ್ಪ, ನಾನೇನೂ ಮಾಡೇ ಇಲ್ಲ” ಎಂದು ನಕ್ಕಳು. ಮಾಡೇ ಇಲ್ಲವಂತೆ! ಹಿರಿಯವಳ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಳು.

ದೊಡ್ಡ ಕಿಟಕಿಯ ಪರದೆ ಗಾಳಿಗೆ ಹಾರದಿರಲೆಂದು ಕೆಳಗಿನ ಮಡಿಕೆಯೊಳಗೆ ಕಬ್ಬಿಣದ ಬಿಲ್ಲೆ ಇಟ್ಟು ಹೊಲಿಯುತ್ತಾರೆ, ಒಂದೊಂದು ಐವತ್ತು ಗ್ರಾಂ. ಮುಂದಿನ ತಿಂಗಳ ಬುಧವಾರ ಗುಬ್ಬಿ ಹೊಸ ಅಂಗಿ ತೊಟ್ಟು ಹೋದಳು, ಅಂಚಿನಲ್ಲಿ ನಾಲ್ಕು ಬಿಲ್ಲೆ. ಮೇಲೆ ಎರಡು ಸಾಲು ಜಾಲರಿ, ಯಾರಿಗೂ ಗೊತ್ತಾಗದಂತೆ. ಕೈಗೆಲಸದಲ್ಲಿ ಅವಳನ್ನು ಮೀರಿಸುವವರು ಯಾರಿದ್ದಾರೆ! “ಆರು ಇನ್ನೂರು, ಅಂತೂ ಹತ್ತಿತಲ್ಲ!” ಎಂದರು ನರ್ಸಮ್ಮ. ಅದರ ಮುಂದಿನ ತಿಂಗಳು ಎಂಟು ಬಿಲ್ಲೆ. “ಆರು ನಾನೂರು!”

ಆ ದಿನ ಕಿರಿಯವಳು ದಾರಿಯಲ್ಲಿ, “ಅಕ್ಕ, ಏನು ಕೊಡ್ತಿದ್ದೀಯ? ನಂಗೂ ಸ್ವಲ್ಪ ಹೇಳೇ. ಗುಂಡ ಈ ಸಲ ನೂರೇ ಏರಿದ್ದು” ಎಂದು ಕೇಳಿದಳು. ಅವಳ ಮುಖ ಸಪ್ಪಗಾಗಿತ್ತು. ಅಯ್ಯೋ, ಆ ಸಪ್ಪೆ ಮುಖದ ರುಚಿಯೇ ರುಚಿ! ಹಿರಿಯವಳು ಅದನ್ನು ಮನೆವರೆಗೂ ಚಪ್ಪರಿಸಿಕೊಂಡು ಬಂದಳು. “ಹೊತ್ತು ಹೊತ್ತಿಗೆ ಕೊಟ್ರೆ ಆಯ್ತು ಕಣೆ, ಅದರಲ್ಲೇನಿದೆ” ಎಂದಳು.

ಮೂರನೆಯ ಸಲ ಹನ್ನೆರಡು ಬಿಲ್ಲೆ. ಗುಬ್ಬಿ ಕೂತರೆ ಅಂಗಿ ಹಿಂದಕ್ಕೆ ಜಗ್ಗುತ್ತಿತ್ತು. ಅಂದು ಮಕ್ಕಳ ಡಾಕ್ಟರು ಬಂದಿದ್ದರು. ಒಳಗಿನ ಕೋಣೆಯ ಬಾಗಿಲ ಮುಂದೆ ಪಟ್ಟಿಯ ಮಕ್ಕಳ ಸಾಲು.

“ಆರೂವರೆ! ನೋಡ್ರಮ್ಮ, ಮುಷ್ಕರ ಹೂಡಿದ್ದ ಮಗು ಹೇಗೆ ಏರಿದೆ ಅಂತ! ಇದರ ಹೆಸರು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೆ, ಇನ್ನು ಬೇಡ” ಎಂದು ನರ್ಸಮ್ಮ ರಬ್ಬರ್ ತೆಗೆದು ಹೆಸರನ್ನು ಉಜ್ಜಿದರು. “ಬಾಮ್ಮ, ಇವರಿಗೆಲ್ಲ ಹೇಳು, ಏನು ಉಣಿಸ್ದೆ?”

ತಾಯಂದಿರು ಅವಳನ್ನು ಸುತ್ತುವರಿದರು. ಒಬ್ಬಳು ಫೋನಿನಲ್ಲಿ ಬರೆದುಕೊಳ್ಳಲು ಬೆರಳು ಎತ್ತಿ ನಿಂತಳು. ಹಿಂದೆ ಕಿರಿಯವಳು, ಗುಂಡನನ್ನು ಸೊಂಟಕ್ಕೇರಿಸಿಕೊಂಡು, ತುಟಿ ಕಚ್ಚಿ ನೋಡುತ್ತಿದ್ದಳು. ಹಿರಿಯವಳಿಗೆ ಇಷ್ಟು ದಿನ ಬೇಕಾಗಿದ್ದದ್ದು ಇದೇ, ಇಷ್ಟೇ. ಬಾಯಿ ತೆರೆದಳು.

ಅಷ್ಟರಲ್ಲಿ ನರ್ಸಮ್ಮ ಪಟ್ಟಿಯಲ್ಲಿದ್ದ ಇನ್ನೊಬ್ಬ ತಾಯಿಯನ್ನು ಕೇಳುತ್ತಿದ್ದರು. “ನಿನ್ನ ಮಗು ಹಾಲು ಕುಡಿಯೋವಾಗ ಸುಸ್ತಾಗುತ್ತಾ?”

“ಇಲ್ಲ ಸಿಸ್ಟರ್.”

“ಹಣೆ ಬೆವರುತ್ತಾ? ಏದುಸಿರು ಬರುತ್ತಾ?”

“ಇಲ್ಲಪ್ಪ.”

“ಸದ್ಯ. ಹಾಗೆಲ್ಲ ಆಗ್ತಿದ್ರೆ ಎದೆ ತೊಂದರೆ ಇರಬಹುದು, ಅದಕ್ಕೇ ಕೇಳಿದ್ದು. ಅಂಥ ಮಗೂನ ಒಂದು ದಿನವೂ ತಡ ಮಾಡಬಾರದು.”

ಹಿರಿಯವಳು ಗುಬ್ಬಿಯ ಹಣೆ ಮುಟ್ಟಿ ನೋಡಿದಳು. ಬೆವರು? ಹೌದು. ಸುಸ್ತು? ಹೌದು. ಏದುಸಿರು? ದಿನಕ್ಕೆ ಆರು ಸಲ. ಮಡಿಲಲ್ಲಿ ಗುಬ್ಬಿ ಅಳುವಷ್ಟು ಶಕ್ತಿಯೂ ಇಲ್ಲದೆ ಕಣ್ಣು ಮಿಟುಕಿಸುತ್ತಿದ್ದಳು. ಅಳಿಸಿಹೋದ ಹೆಸರಿನ ಜಾಗ ಪಟ್ಟಿಯಲ್ಲಿ ಬಿಳಿಯಾಗಿ ಕಾಣುತ್ತಿತ್ತು.

“ಹೇಳಕ್ಕ, ಏನು ಕೊಟ್ರಿ?” ಎಂದಳು ಫೋನು ಹಿಡಿದವಳು.

ಎಲ್ಲರೆದುರು ಮಾನ ಕಳೆದುಕೊಳ್ಳುವುದೇ? ಅದೂ ಆ ವ್ಯಾನಿನವಳ ಎದುರಿಗೆ! ನಾಳೆ ಒಬ್ಬಳೇ ಬಂದು ಗುಟ್ಟಾಗಿ ಹೇಳಿದರಾಗದೇ? ಡಾಕ್ಟರು ನಾಳೆ ಇರುವುದಿಲ್ಲ. ಅದೂ ಆ ವ್ಯಾನಿನವಳ ಎದುರಿಗೆ! ಎರಡು ಉಸಿರಿನಷ್ಟು ಹೊತ್ತು, ದೇವರೇ ಬಲ್ಲ, ಹಿರಿಯವಳು ಮಗಳ ಎದೆಗಿಂತ ಓರಗಿತ್ತಿಯ ಮುಖವನ್ನೇ ಹೆಚ್ಚು ಯೋಚಿಸಿದಳು. ಆಮೇಲೆ ಕೈಚೀಲದಿಂದ ಕತ್ತರಿ ತೆಗೆದು ಅಂಗಿಯ ಅಂಚನ್ನು ಈ ಕಡೆಯಿಂದ ಆ ಕಡೆಗೆ ಸೀಳಿದಳು. ಬಿಲ್ಲೆಗಳು ನೆಲದ ಮೇಲೆ ಠಣ್ ಠಣ್ ಎಂದು ಉದುರಿ, ಒಂದು ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು.

“ಏನಮ್ಮಾ ಇದು!” ಎಂದು ನರ್ಸಮ್ಮ ಚೀರಿದರು.

“ಕಬ್ಬಿಣ. ಮೂರು ತಿಂಗಳಿಂದ ಹೊಲೀತಿದ್ದೀನಿ. ಇವಳಿಗೆ ಬೆವರುತ್ತೆ ಸಿಸ್ಟರ್, ಕುಡಿಯೋಕಾಗಲ್ಲ. ಬೈಯೋದು ಆಮೇಲೆ ಬೈಯಿರಿ, ಮೊದಲು ಒಳಗೆ ಕಳಿಸಿ.”

ಅಂಗಿ ತೆಗೆದು ಮತ್ತೆ ತೂಗಿದರು. ನರ್ಸಮ್ಮ ಈ ಸಲ ಕೂಗಲಿಲ್ಲ. ಐದು ಕೆಜಿ ಒಂಬೈನೂರು.

ಒಳಗೆ ಡಾಕ್ಟರು ಗುಬ್ಬಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಸದ್ದು ಸರಿಯಿಲ್ಲ, ಹೃದಯದಲ್ಲಿ ತೂತಿರುವ ಹಾಗಿದೆ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ, ಔಷಧಿಗೋ ಆಪರೇಷನ್ನಿಗೋ ಸರಿಹೋಗುವಂಥದ್ದೇ ಹೆಚ್ಚು ಎಂದರು. “ಹೋದ ಸಲ ನಾ ಬಂದಾಗಲೇ ತರಬಹುದಿತ್ತಲ್ಲ, ಇಲ್ಲಾ ಮಧ್ಯೆ ನರ್ಸಾದ್ರೂ ಕಳಿಸಬಹುದಿತ್ತು” ಎಂದರು. “ಅವರದೇನೂ ತಪ್ಪಿಲ್ಲ, ನಾನೇ ತಪ್ಪಿಸಿದ್ದು” ಎಂದಳು ಹಿರಿಯವಳು.

ಹೊರಗೆ ಕಿರಿಯವಳು ಆಗಲೇ ವ್ಯಾನ್ ತಂದು ಬಾಗಿಲಿಗೆ ನಿಲ್ಲಿಸಿದ್ದಳು. ಹಿರಿಯವಳು ಗುಬ್ಬಿಯನ್ನೆತ್ತಿಕೊಂಡು ಮುಂದೆ ಹತ್ತಿ ಕೂತಳು, ವ್ಯಾನ್ ಹೊರಟಿತು. ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿಸಿದ ಗುಂಡ ತನ್ನ ಕಾಲ ಹೆಬ್ಬೆರಳನ್ನೇ ಬಾಯಿಗಿಟ್ಟುಕೊಂಡು ಕೂತಿದ್ದ. ಹಿರಿಯವಳು ತಿರುಗಿ ನೋಡಿದಳು. ತೊಡೆಯಲ್ಲಿ ಈಗ ನಾಲ್ಕು ಮಡಿಕೆ.

“ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ” ಎಂದಳು. “ಇಷ್ಟಾದ್ಮೇಲೂ ನಿನ್ನ ಮಗನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ ಕಣೆ.”

ಕಿರಿಯವಳು ಗೇರು ಬದಲಾಯಿಸಿದಳು, ಎದುರಿನ ಲಾರಿಗೆ ದಾರಿ ಕೊಟ್ಟಳು.

“ನಂಗೇನು ಕಡಿಮೆ ಉರೀತಾ?” ಎಂದಳು ಆಮೇಲೆ. “ಗುಬ್ಬಿ ಇನ್ನೂರು ಏರ್ತು ಅಂದ ದಿನದಿಂದ ಇವನ ಬಾಯಿಗೆ ತುರುಕಿದ್ದೇ ತುರುಕಿದ್ದು. ಕಕ್ಕಿದ ಮೇಲೆ ಮತ್ತೆ ತುರುಕ್ತಿದ್ದೆ. ಅತ್ತೆ ಹತ್ರ ಬೈಸ್ಕೊಂಡೆ. ನಿನ್ನ ಕಬ್ಬಿಣದ ಜೊತೆ ಪಂದ್ಯ ಕಟ್ಟಿದ್ದೆ ಅಂತ ನಂಗೇನು ಗೊತ್ತಿತ್ತು, ಮಾರಾಯ್ತಿ!”

ಹಿರಿಯವಳಿಗೆ ನಗು ಬಂತು, ಅದರ ಹಿಂದೆಯೇ ಅಳು ನುಗ್ಗಿತು.

“ಇಲ್ಲೇ ಇಳ್ಕೋ, ನಾನು ವ್ಯಾನ್ ನಿಲ್ಲಿಸಿ ಬರ್ತೀನಿ” ಎಂದಳು ಕಿರಿಯವಳು, ದೊಡ್ಡಾಸ್ಪತ್ರೆಯ ಗೇಟು ಬಂದಾಗ. “ಉರ್ಕೊಳ್ಳೋಕೆ ಇನ್ನೂ ಬೇಕಾದಷ್ಟು ವರ್ಷ ಇದೆ. ಮೊದಲು ಚೀಟಿ ಮಾಡಿಸು.”

ದೊಡ್ಡಾಸ್ಪತ್ರೆಯ ಚೀಟಿ ಕಿಟಕಿಯ ಮುಂದೆ ಉದ್ದ ಸಾಲು. ಎಲ್ಲರ ಕಂಕುಳಲ್ಲೂ ಮಕ್ಕಳು, ಗುಬ್ಬಿಗಿಂತ ದಪ್ಪದವೇ ಎಲ್ಲ. ಸರದಿ ಬಂದಾಗ ಒಳಗಿದ್ದ ಗುಮಾಸ್ತ ತಲೆಯೆತ್ತದೆ, “ವಯಸ್ಸು?” ಎಂದ.

“ಹತ್ತು ತಿಂಗಳು.”

“ತೂಕ?”

ಹಿರಿಯವಳು ಹೇಳಿದಳು, ಸಾಲಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ: “ಐದು ಕೆಜಿ ಒಂಬೈನೂರು.”

ಗುಮಾಸ್ತನಿಗೆ ನಂಬಿಕೆಯಾಗಲಿಲ್ಲ. “ಹತ್ತು ತಿಂಗಳಿಗಾ? ಸರಿಯಾಗಿ ಹೇಳಮ್ಮ.”

“ಸರಿಯಾಗೇ ಹೇಳ್ತಿದ್ದೀನಿ. ಐದು ಒಂಬೈನೂರು. ಬರ್ಕೊಳ್ಳಿ.”