ಹಸಿರು ಬಣ್ಣದ ಮನೆ

“ಇನ್ನೂ ಯೋಚನೆ ಮಾಡ್ತಾ ಇದೀವಿ. ಅಷ್ಟೇ ಅನ್ನಿ. ಅದರ ಮೇಲೆ ಒಂದಕ್ಷರ ಬೇಡ. ಎಲ್ಲಿ, ಒಂದ್ಸಲ ಹೇಳಿ ನೋಡೋಣ.”

ಸೊಸೆ ನೆಲದ ಮೇಲೆ ಕೂತು, ಅತ್ತೆಯ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದ ಜಾಗದಲ್ಲಿ ಗುಳಿ ಬಿತ್ತು. ನೋಡುನೋಡುತ್ತಿದ್ದಂತೆ ಮೆಲ್ಲಗೆ ತುಂಬಿಕೊಂಡಿತು. ಆ ಮನೆಯಲ್ಲಿ ಬೆಳಗಿನ ಮೊದಲ ಕೆಲಸ ಇದು, ಒಲೆ ಹಚ್ಚುವುದೂ ಆಮೇಲೆ. ಮುದುಕಿಯ ಎರಡು ಕಿಡ್ನಿಯೂ ಕೈಕೊಟ್ಟು ವರ್ಷ ದಾಟಿತ್ತು. ಗುಳಿ ಬೇಗ ತುಂಬಿದರೆ ಮೈಯಲ್ಲಿ ನೀರು ಕಡಿಮೆ, ಸೊಸೆ ನೆಮ್ಮದಿಯಾಗಿ ಕೆಲಸಕ್ಕೆ ಹೋಗಬಹುದು. ತುಂಬದೆ ಹಾಗೇ ಕೂತರೆ ಡಯಾಲಿಸಿಸ್‌ಗೆ ಹೊತ್ತಾಯಿತೆಂದು ಅರ್ಥ.

“ಇನ್ನೂ ಯೋಚನೆ ಮಾಡ್ತಾ ಇದೀವಿ,” ಎಂದು ಅತ್ತೆ ಗಿಳಿಪಾಠ ಒಪ್ಪಿಸಿದಳು. “ಎಷ್ಟು ದಿನ ಅಂತ ಯೋಚನೆ ಮಾಡೋದೇ? ನಿನ್ನನ್ನ ಸೊಸೆ ಮಾಡ್ಕೊಳ್ಳೋವಾಗ್ಲೂ ನಾನು ಇಷ್ಟು ಯೋಚನೆ ಮಾಡ್ಲಿಲ್ಲ.”

“ಮಾಡಿದ್ರೆ ಇಬ್ರೂ ಬಚಾವಾಗ್ತಿದ್ವಿ.”

ಗೋದಾಮಿನಲ್ಲಿ ಲಾರಿಗೆ ಮೂಟೆ ಹೇರುವ ಮಗ ಬಾಗಿಲಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ನಗು ಬಂದರೂ ತಲೆ ಎತ್ತಲಿಲ್ಲ. ಆ ಇಬ್ಬರ ನಡುವೆ ಬಾಯಿ ಹಾಕಿದರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೊಸೆ ದೊಡ್ಡದೊಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಓದು ಹೆಚ್ಚಿಲ್ಲ, ಆದರೆ ಮೋಸ ಹೋಗಿ ಹೋಗಿ ಬುದ್ಧಿ ಬಂದಿತ್ತು. ಹೋದ ಚುನಾವಣೆಯಲ್ಲಿ ಅವರ ಓಣಿಗೆ ಓಣಿಯೇ ಗಂಟೆ ಗುರುತಿನ ಪಕ್ಷದ ಬಾವುಟ ಕಟ್ಟಿಕೊಂಡು ಕುಣಿದಿತ್ತು. ಪರಿಣಾಮ ಏನು? ಹಡಗು ಗುರುತಿನ ಪಕ್ಷದವರು ‘ಇವರು ಹೇಗೂ ನಮ್ಮವರಲ್ಲ’ ಎಂದು ಬರಲಿಲ್ಲ. ಗಂಟೆಯವರು ‘ಇವರು ಹೇಗೂ ನಮ್ಮವರೇ’ ಎಂದು ಬರಲಿಲ್ಲ. ಹಿಂದಿನ ಓಣಿಯವರು ಮಾತ್ರ ದಿನಕ್ಕೊಂದು ಮಾತಾಡಿ, ಮನೆಮನೆಗೆ ನಲ್ಲಿ ಹಾಕಿಸಿಕೊಂಡರು. ಒಲಿದವಳನ್ನು ಯಾರೂ ಓಲೈಸುವುದಿಲ್ಲ ಎಂದು ಸೊಸೆ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಈ ಸಲ ಚುನಾವಣೆ ಬಂದ ಕೂಡಲೇ ಬಾಗಿಲಿಗೆ ಬಂದವರಿಗೆಲ್ಲ ಅದೇ ಉತ್ತರ ಕೊಟ್ಟಳು: ಇನ್ನೂ ಯೋಚನೆ ಮಾಡ್ತಾ ಇದೀವಿ.

ಆ ಉತ್ತರ ಫಲ ಕೊಟ್ಟಿತು. ಹಡಗಿನವರು ಮುದುಕಿಗೊಂದು ಗಾಲಿಕುರ್ಚಿ ತಂದು ಇಳಿಸಿದರು. ಅದನ್ನು ನೋಡಿ ಗಂಟೆಯವರಿಗೆ ತಡೆಯಲಾಗಲಿಲ್ಲ. ಓಣಿಯಲ್ಲಿ ಗಂಟೆ ಪಕ್ಷದ ಕೆಲಸ ನೋಡುವವನನ್ನು ಎಲ್ಲರೂ ಕರೆಯುವುದು ‘ಆಯ್ತಕ್ಕ’ ಎಂದೇ. ಏನು ಕೇಳಿದರೂ ಅವನ ಬಾಯಲ್ಲಿ ಬರುವ ಮಾತು ಅದೊಂದೇ. “ಆಸ್ಪತ್ರೆಗೆ ಹೋಗಕ್ಕೆ ಕಾರು ಬೇಕು ತಾನೆ? ಆಯ್ತಕ್ಕ,” ಅಂದ. ಆ ಸಲ ಮಾತ್ರ ಆಗಿಯೇಬಿಟ್ಟಿತು. ವಾರಕ್ಕೆ ಎರಡು ಸಲ ಬಿಳಿ ಕಾರು ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಅದಕ್ಕೆ ಮುಂಚೆ ಎರಡು ಬಸ್ಸು ಬದಲಾಯಿಸಿ ಹೋಗಬೇಕಿತ್ತು. ಹೋಗುವಾಗ ಹೇಗೋ ಹೋಗುತ್ತಿದ್ದರು. ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಂಡು ಬರುವಾಗ ಮುದುಕಿಗೆ ಕತ್ತೂ ನಿಲ್ಲುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲೇ ಕುಸಿದು ಪಕ್ಕದವನ ಅಂಗಿಯ ಮೇಲೆ ವಾಂತಿ ಮಾಡಿಕೊಂಡಳು. “ಹಾಡಹಗಲೇ ಕುಡ್ಕೊಂಡ್ ಬರ್ತವೆ,” ಅಂದ ಅವನು. ಕಂಡಕ್ಟರು ಸೀಟಿ ಊದಿ ಅತ್ತೆ ಸೊಸೆ ಇಬ್ಬರನ್ನೂ ರಸ್ತೆ ಮಧ್ಯೆ ಇಳಿಸಿದ. ಡಾಕ್ಟರು ಸಾರಿ ಸಾರಿ ಹೇಳಿದ್ದರು: “ಒಂದು ಸರದಿ ತಪ್ಪಿದ್ರೆ ಹೇಗೋ ನೋಡ್ಕೋಬಹುದು. ಸಾಲಾಗಿ ತಪ್ಪಿಸಿದ್ರೆ ನಮ್ಮ ಕೈಲಿಲ್ಲ.” ಆ ಕಾರು ಮುದುಕಿಯ ಪ್ರಾಣ. ಚುನಾವಣೆ ಮುಗಿಯುವವರೆಗಾದರೂ ಅದು ಬರುತ್ತಿರಲಿ, ಆಮೇಲಿನದು ಆಮೇಲೆ ಎಂಬುದು ಸೊಸೆಯ ಲೆಕ್ಕ.

ಅವತ್ತು ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಬಿಸಿಲು ನೆತ್ತಿಗೇರುವ ಹೊತ್ತಿಗೆ, ಕೊರಳಲ್ಲಿ ಗುರುತಿನ ಕಾರ್ಡು ತೂಗಿಸಿಕೊಂಡ ಹುಡುಗಿಯೊಬ್ಬಳು ಬಾಗಿಲು ತಟ್ಟಿದಳು. ಮುಖವೆಲ್ಲ ಕೆಂಪಾಗಿತ್ತು, ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ನೀರು ಕೇಳಿದಳು. ಮುದುಕಿ ಗೋಡೆ ಹಿಡಿದುಕೊಂಡು ಹೋಗಿ ತಂದುಕೊಟ್ಟಳು. ತನಗೆ ಡಾಕ್ಟರು ದಿನಕ್ಕೆ ಒಂದೆರಡು ಲೋಟ ಮಾತ್ರ ಬಿಟ್ಟಿದ್ದರಿಂದ, ಇನ್ನೊಬ್ಬರು ಗಟಗಟ ಕುಡಿಯುವುದನ್ನು ನೋಡುವುದೇ ಅವಳಿಗೊಂದು ಸುಖ.

“ನಾವು ಯಾವ ಪಕ್ಷದವರೂ ಅಲ್ಲ ಅಜ್ಜಿ. ಸರ್ವೆ ಕಂಪನಿಯವರು. ನೀವು ಏನು ಹೇಳಿದ್ರೂ ಗುಟ್ಟಾಗಿರತ್ತೆ,” ಎಂದು ಹುಡುಗಿ ಮೊಬೈಲು ತೆಗೆದಳು. ಅವಳು ಹೇಳಿದ್ದರಲ್ಲಿ ಮೊದಲನೆಯದು ನಿಜವೇ. ಕಂಪನಿ ಯಾವ ಪಕ್ಷದ್ದೂ ಅಲ್ಲ. ಕೇಳಿಸಿಕೊಂಡದ್ದನ್ನು ಎರಡೂ ಪಕ್ಷಕ್ಕೆ ಮಾರುತ್ತಿತ್ತು.

“ಈ ಸಲ ನಿಮ್ಮ ಮನೆ ಓಟು ಯಾರಿಗೆ?”

“ಇನ್ನೂ ಯೋಚನೆ ಮಾಡ್ತಾ ಇದೀವಿ.”

“ಯಾವ್ದಾದ್ರೂ ಪಕ್ಷದವರು ಬಂದು ನಿಮಗೆ ಸಹಾಯ ಮಾಡಿದಾರಾ?”

“ಹೂಂ ಮತ್ತೆ! ಗಂಟೆಯವ್ರು ಕಾರು ಕಳಿಸ್ತಾರೆ. ಆ ಡ್ರೈವರು ನನ್ನ ರಟ್ಟೆ ಹಿಡಿದು ಹತ್ತಿಸ್ತಾನಮ್ಮ, ಹೆತ್ತ ಮಗನ ಹಾಗೆ. ಕಾರಿಲ್ದಿದ್ರೆ ನಾನು ಇಷ್ಟೊತ್ತಿಗೆ ಗೋಡೆ ಮೇಲೆ ಪಟವಾಗಿರ್ತಿದ್ದೆ.”

ಹುಡುಗಿ ಏನೋ ಒತ್ತಿದಳು. “ಆದ್ರೂ ನೀವು ಮನಸ್ಸು ಮಾಡಿಲ್ಲ. ಹಾಗಾದ್ರೆ ‘ಸಹಾಯದಿಂದ ಏನೂ ಪರಿಣಾಮ ಇಲ್ಲ’ ಅಂತ ಹಾಕ್ಲಾ ಅಜ್ಜಿ?”

ಮುದುಕಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಪರಿಣಾಮ ಇಲ್ಲವೇ? ಅವಳು ಆಯುಷ್ಯವೆಲ್ಲ ನೂಲಿನ ಗಿರಣಿಯಲ್ಲಿ ಕಡಿದ ಎಳೆಗಳನ್ನು ಗಂಟು ಹಾಕುತ್ತ ಸವೆದವಳು. ಸಂಬಳ ತಡವಾದರೂ ಧಣಿಯ ಬಗ್ಗೆ ಕೆಟ್ಟ ಮಾತಾಡಲಿಲ್ಲ. ಮುಷ್ಕರಕ್ಕೆ ಎಲ್ಲರೂ ಎದ್ದು ಹೋದಾಗಲೂ ಕೈಯಲ್ಲಿದ್ದ ಎಳೆಗೆ ಗಂಟು ಹಾಕಿಯೇ ಎದ್ದಳು. ಓಣಿಯವರು ಈಗಲೂ ನೂಲಜ್ಜಿ ಎಂದೇ ಕರೆಯುತ್ತಾರೆ. ಅಂಥವಳು ಊರವರ ಕಾರು ಹತ್ತಿ ಇಳಿದು, ಪರಿಣಾಮ ಇಲ್ಲ ಎಂದು ಹೇಳಿಸಿಕೊಳ್ಳಬೇಕೆ?

“ತೆಗಿ, ತೆಗಿ ಅದನ್ನ,” ಅಂದಳು. “ಉಂಡ ಮನೆಗೆ ಎರಡು ಬಗೆಯೋ ಜಾತಿ ಅಲ್ಲ ನಮ್ಮದು. ಈ ಮನೆ ಮೂರು ಓಟೂ ಗಂಟೆಗೇ. ಹಾಕ್ಕೋ.”

“ಖಚಿತಾನಾ ಅಜ್ಜಿ? ಓಟಿನ ದಿನದೊಳಗೆ ಏನಾದ್ರೂ ಆದ್ರೆ ಬದಲಾಗತ್ತಾ?”

“ನನ್ನ ಉಸಿರಿರೋವರೆಗೆ ಬದಲಾಗಲ್ಲ.”

ಹುಡುಗಿಗೆ ಆ ಮಾತು ಬಹಳ ಹಿಡಿಸಿತು. ಅದನ್ನು ಹಾಗೇ ಬರೆದುಕೊಂಡಳು. ಹೋಗುವಾಗ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದಳು, ಪಾಪ.

ಮಾರನೆಯ ದಿನವೇ ಹಡಗಿನವರು ಬಂದು ಗಾಲಿಕುರ್ಚಿ ಎತ್ತಿಕೊಂಡರು. “ಪಕ್ಷದ ಆಸ್ತಿ ಅಲ್ವಾ, ಇನ್ನೊಬ್ರಿಗೆ ಬೇಕಂತೆ,” ಅಂದರು. ಆ ಇನ್ನೊಬ್ಬರು ಯಾರೆಂದು ತಿಳಿಯಲು ಓಣಿ ದಾಟುವ ಕೆಲಸವೂ ಇರಲಿಲ್ಲ. ಎದುರು ಮನೆಯಲ್ಲಿ ಅಂಗಿಗೆ ಗುಂಡಿ ಹೊಲಿಯುವವಳಿಗೆ ಮಂಡಿನೋವು; ಅವಳು ಏನು ಕೇಳಿದರೂ “ನೋಡೋಣ” ಎನ್ನುವವಳು. ಕುರ್ಚಿ ಅವಳ ಜಗಲಿಯ ಮೇಲೆ ಕೂತಿತು.

ಡಯಾಲಿಸಿಸ್ ದಿನ ಮುದುಕಿ ತಲೆ ಬಾಚಿಸಿಕೊಂಡು, ಒಗೆದ ಸೀರೆ ಉಟ್ಟು, ಹೊಸ್ತಿಲ ಒಳಗೆ ಸ್ಟೂಲಿನ ಮೇಲೆ ಕೂತಿದ್ದಳು. ಬಿಳಿ ಕಾರು ಬಂತು. ಮುದುಕಿ ಗೋಡೆಗೆ ಕೈಕೊಟ್ಟು ಎದ್ದು ನಿಂತಳು. ಕಾರು ಎದುರು ಮನೆಯ ಮುಂದೆ ನಿಂತಿತು. ಗುಂಡಿ ಹೊಲಿಯುವವಳನ್ನು ಡ್ರೈವರು ರಟ್ಟೆ ಹಿಡಿದು ಹತ್ತಿಸಿದ. ಈ ಕಡೆ ತಿರುಗಿ ನೋಡಲಿಲ್ಲ.

“ತಿರುಗಿಸ್ಕೊಂಡು ಬರ್ತಾನೆ,” ಅಂದಳು ಮುದುಕಿ. ಕಾರು ಮೂಲೆ ದಾಟಿ ಹೋದ ಮೇಲೂ ನಿಂತೇ ಇದ್ದಳು.

ಸೊಸೆ ಅವಳ ಮುಖವನ್ನೇ ನೋಡಿದಳು. “ಯಾರಾದ್ರೂ ಬಂದಿದ್ರಾ? ಏನಂದ್ರಿ ಅವರಿಗೆ?”

ಮುದುಕಿ ಮುಚ್ಚಿಡಲಿಲ್ಲ. ತಾನು ಮಾಡಿದ್ದರಲ್ಲಿ ಮುಚ್ಚಿಡುವಂಥದ್ದು ಏನಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಎಲ್ಲ ಹೇಳಿ, “ಉಂಡ ಮನೆಗೆ…” ಎಂದು ಶುರು ಮಾಡಿದಳು.

“ಯಾವ್ದು ರೀ ಉಂಡ ಮನೆ?” ಸೊಸೆಯ ಸ್ವರ ಓಣಿಯ ತುದಿಗೆ ಕೇಳಿಸಿತು. “ನಿಮಗೆ ಉಣ್ಣಕ್ಕಿಕ್ಕಿದ್ದು ಯಾರು? ಹೇಲು ಉಚ್ಚೆ ಬಾಚಿದ್ದು ಯಾರು? ಆ ಕಾರಿನವನಾ? ನನಗೆ ಒಂದು ಮಾತು ಕೊಟ್ಟಿದ್ರಲ್ಲ, ಅದು ಮಾತಲ್ವಾ? ಬೀದಿಯಲ್ಲಿ ಹೋಗೋಳ ಮುಂದೆ ಸತ್ಯಹರಿಶ್ಚಂದ್ರನ ಮೊಮ್ಮಗಳಾಗಿಬಿಟ್ರಿ! ಸಾಯಿರಿ, ಮರ್ಯಾದೆ ಇಟ್ಕೊಂಡೇ ಸಾಯಿರಿ!”

ಮುದುಕಿ ಸ್ಟೂಲಿನ ಮೇಲೆ ಕೂತು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಆಡಿದ ಮಾತು ವಾಪಸು ಬರುವುದಿಲ್ಲ, ಸೊಸೆಗೂ ಅದು ಗೊತ್ತು. ಚಪ್ಪಲಿ ಮೆಟ್ಟಿಕೊಂಡು ಆಯ್ತಕ್ಕನನ್ನು ಹುಡುಕಿಕೊಂಡು ಹೋದಳು.

ಅವನು ಪಕ್ಷದ ಕಚೇರಿಯಲ್ಲಿ ಬಾವುಟದ ಕಂತೆಗಳ ನಡುವೆ ಕೂತಿದ್ದ. ಕುರ್ಚಿ ಎಳೆದು ಕೂರಿಸಿದ, ಟೀ ತರಿಸಿದ. “ನಿಮ್ಮ ಮನೆ ನಮ್ಮನೆ ಇದ್ದ ಹಾಗಕ್ಕ,” ಎಂದು ಮೊಬೈಲು ತೋರಿಸಿದ. ಅದರಲ್ಲಿ ಅವರ ಓಣಿಯ ಚಿತ್ರವಿತ್ತು. ಒಂದೊಂದು ಮನೆಗೂ ಒಂದೊಂದು ಬಣ್ಣ. “ಇದು ನೋಡಿ, ಹಸಿರು. ಹಸಿರು ಅಂದ್ರೆ ನಮ್ಮವರು. ಹಳದಿ ಅಂದ್ರೆ ಇನ್ನೂ ಅಲ್ಲಾಡ್ತಿರೋರು. ಕಾರು ಏನಿದ್ರೂ ಹಳದಿಗೆ ಮಾತ್ರ ಅಂತ ಮೇಲಿಂದ ಹೇಳಿದಾರೆ. ಮನೆಯವರ ಹತ್ರ ಏನಕ್ಕ ಮುಚ್ಚುಮರೆ?”

“ನಾವೂ ಹಳದಿನೇ. ಮನಸ್ಸು ಬದಲಾಯಿಸಿದೀವಿ. ನಿಮಗೆ ಒಂದು ಓಟೂ ಇಲ್ಲ ಈಗ.”

ಆಯ್ತಕ್ಕ ಮನಸಾರೆ ನಕ್ಕ. “ಅಜ್ಜಿ ‘ಉಸಿರಿರೋವರೆಗೆ’ ಅಂದಿದಾರಲ್ಲಕ್ಕ. ನಮ್ಮ ಸಾಹೇಬ್ರು ಭಾಷಣದಲ್ಲೇ ಆ ಮಾತು ಹೇಳಿದ್ರು, ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ನೀವೇನೂ ಚಿಂತೆ ಮಾಡಬೇಡಿ. ಓಟಿನ ದಿನ ಕಾರು ಖಂಡಿತ ಬಾಗಿಲಿಗೇ ಬರತ್ತೆ. ಆಯ್ತಕ್ಕ?”

ಆ ಸರದಿ ತಪ್ಪಿತು. ಮುಂದಿನ ಸರದಿಗೆ ಮಗ ಮೂಟೆ ಬಿಟ್ಟು ಬಂದು ತಾಯಿಯನ್ನು ಬಸ್ಸಿನಲ್ಲಿ ಕರೆದೊಯ್ದ. ಎರಡನೆಯ ಬಸ್ಸು ಪ್ರಚಾರದ ಮೆರವಣಿಗೆಯೊಂದರ ಹಿಂದೆ ಸಿಕ್ಕಿಕೊಂಡಿತು. ಮುಂದೆ ಗಂಟೆ ಬಾರಿಸುತ್ತ ಜನ ಕುಣಿಯುತ್ತಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಯಂತ್ರವನ್ನು ಇನ್ನೊಬ್ಬರಿಗೆ ಹಾಕಿಯಾಗಿತ್ತು. ನರ್ಸು ಮುಂದಿನ ಸರದಿಯ ದಿನ ಹೇಳಿ ಕಳಿಸಿದಳು. ಅದು ಮತದಾನದ ದಿನ.

ಅವತ್ತು ಬೆಳಿಗ್ಗೆ ಸೊಸೆ ಒತ್ತಿದ ಗುಳಿ ತುಂಬಲಿಲ್ಲ. ಒಲೆ ಹಚ್ಚಿ ಬಂದು ನೋಡಿದಳು, ಹಾಗೇ ಇತ್ತು. ಮುದುಕಿಯ ಕಣ್ಣುಗಳು ಊದಿ ಅರ್ಧ ಮುಚ್ಚಿದ್ದವು, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಬಸ್ಸುಗಳೆಲ್ಲ ಚುನಾವಣೆ ಕೆಲಸಕ್ಕೆ ಹೋಗಿದ್ದವು. ಬಾಡಿಗೆ ಗಾಡಿಗಳನ್ನೆಲ್ಲ ಎರಡು ಪಕ್ಷದವರೂ ಹಿಡಿದಿಟ್ಟುಕೊಂಡಿದ್ದರು. ಮಗ ಆಂಬುಲೆನ್ಸಿಗೆ ಫೋನು ಮಾಡಿ ಮಾಡಿ ಸೋತ. ಪ್ರತಿ ಸಲವೂ ಕಾಯಿರಿ ಎಂಬ ಉತ್ತರ. ಬೀದಿಯ ತುದಿಗೆ ಓಡಿ ಹೋಗಿ ಬರಿಗೈಯಲ್ಲಿ ಬಂದ. ಬಾಗಿಲಲ್ಲಿ ಬಿಳಿ ಕಾರು ನಿಂತಿತ್ತು, ಹೇಳಿದ ಮಾತಿಗೆ ತಪ್ಪದೆ.

“ಮೊದಲು ಆಸ್ಪತ್ರೆ ಕಣಪ್ಪ,” ಎಂದು ಸೊಸೆ ಡ್ರೈವರಿನ ಕೈ ಹಿಡಿದುಕೊಂಡಳು. “ಅಮ್ಮ ಅಂತ ಕರೀತಿದ್ದೆ ನೀನು ಇವರನ್ನ.”

ಅವನು ಕಣ್ಣು ತಪ್ಪಿಸಿದ. “ಮೊದಲು ಓಟು ಹಾಕಿಸಿಬಿಡೋಣಕ್ಕ. ಆಮೇಲೆ ನೋಡೋಣ. ನನ್ನ ಕೆಲಸ ಹೋಗತ್ತೆ.”

ಬೇರೆ ದಾರಿಯಿರಲಿಲ್ಲ, ಹತ್ತಿದರು. ಕಾರಿನಲ್ಲಿ ಸೊಸೆ ಅತ್ತೆಯ ಕಿವಿಯಲ್ಲಿ, “ಹಡಗಿಗೆ ಒತ್ತಿ. ನಿಮ್ಮ ಕಾಲಿಗೆ ಬೀಳ್ತೀನಿ, ಇದೊಂದು ಸಲ ಹಡಗಿಗೆ ಒತ್ತಿ,” ಅಂದಳು. ಮುದುಕಿ ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಿದ್ದಳು.

ಮತಗಟ್ಟೆ ಒಂದು ಶಾಲೆಯಲ್ಲಿತ್ತು. ಮಗ ತಾಯಿಯನ್ನು ಎತ್ತಿಕೊಂಡೇ ಒಳಗೆ ಹೋದ. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಆಯ್ತಕ್ಕ ದೂರದಿಂದ ಕೈ ಮುಗಿದ. ಶಾಯಿ ಹಚ್ಚುವ ಅಧಿಕಾರಿ ಮುದುಕಿಯ ಎಡಗೈಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿಹಿಡಿದು, ತೋರುಬೆರಳಿಗೆ ಗೀಟು ಎಳೆದ. ಮತಯಂತ್ರದ ಮರೆಗೆ ಅವಳು ಒಬ್ಬಳೇ ಹೋದಳು, ಮೇಜು ಹಿಡಿದುಕೊಂಡು. ಗುಯ್ ಎಂದು ಸದ್ದಾಯಿತು. ಮಗ, ಸೊಸೆ ತಮ್ಮ ಓಟಿನ ಗೊಡವೆಗೆ ಹೋಗದೆ ಅವಳನ್ನು ಹೊರಗೆ ತಂದರು.

ಹೊರಗೆ ಕಾರು ಇರಲಿಲ್ಲ. “ಇನ್ನೂ ಬಹಳ ಮನೆ ಇದಾವಕ್ಕ, ಕರ್ಕೊಂಡ್ ಬರಕ್ಕೆ ಹೋಯ್ತು,” ಅಂದ ಆಯ್ತಕ್ಕ. “ವಾಪಸ್ ಬಿಡಕ್ಕೂ ಹೇಳ್ತೀನಿ. ಆಯ್ತಕ್ಕ?” ಎಂದವನು ಅಷ್ಟರಲ್ಲೇ ಇನ್ನೊಂದು ಗಾಡಿಯ ಕಡೆ ನಡೆದ. ಮಗ ಗೇಟಿನ ಹೊರಗೆ ಓಡಿ, ಹೋಗಿ ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಾಕತೊಡಗಿದ. ಒಂದೂ ನಿಲ್ಲಲಿಲ್ಲ.

ಸೊಸೆ ಶಾಲೆಯ ಮೆಟ್ಟಿಲ ಮೇಲೆ ಕೂತು ಅತ್ತೆಯನ್ನು ಎದೆಗೆ ಒರಗಿಸಿಕೊಂಡಳು. “ಯಾವುದಕ್ಕೆ ಒತ್ತಿದ್ರಿ?” ಎಂದು ಕೇಳಿದಳು.

ಮುದುಕಿ ತುಟಿ ಅಲ್ಲಾಡಿಸಿದಳು.

“ಓಟು ಗುಟ್ಟು ಕಣೇ. ಯಾರಿಗೂ ಹೇಳಬಾರ್ದು.”

ಸೊಸೆ ಅವಳ ಎಡಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳಿನ ಶಾಯಿ ಆಗಲೇ ಒಣಗಿತ್ತು. ಮುಂಗೈಯ ಮೇಲೆ ಅಧಿಕಾರಿಯ ಹೆಬ್ಬೆರಳು ಒತ್ತಿದ ಗುಳಿ ಹಾಗೇ ಇತ್ತು. ಅವಳು ಅದನ್ನೇ ನೋಡುತ್ತ, ತುಂಬಿಕೊಳ್ಳಲೆಂದು ಕಾಯುತ್ತ ಕೂತಳು.