ಕದಿಯಲೆಂದು ನೆಟ್ಟ ಸೇವಂತಿಗೆ

ಬಳೆ, ಗಾಜಿನದೇ, ಕಲ್ಲಿಗೆ ತಾಗಿ ಕಿಣ್ಣೆಂದು ತಟ್ಟನೆ ಸುಮ್ಮನಾದದ್ದು — ಅಂಕಮ್ಮನ ಕೈ ಹಾಲಿನ ಕ್ಯಾನಿನೊಳಗೇ ನಿಂತುಬಿಟ್ಟಿತು, ಬೆರಳ ತುಂಬ ಬೂದಿ, ತೆಂಗಿನ ನಾರು, ಕ್ಯಾನಿನ ತಳದಲ್ಲಿ ನೆನ್ನೆ ಸಂಜೆಯ ಹಾಲಿನ ಹುಳಿವಾಸನೆ, ತನ್ನ ಬಳೆಯಲ್ಲ, ತನ್ನವನ್ನು ಪಾತ್ರೆ ಉಜ್ಜಲು ಕೂರುವಾಗಲೇ ಮೊಣಕೈಗೆ ಏರಿಸಿಕೊಂಡಿದ್ದಾಳೆ, ಹಿತ್ತಲಲ್ಲಿ ಕೋಳಿಗಳನ್ನು ಬಿಟ್ಟರೆ ಇನ್ನೊಂದು ಪ್ರಾಣಿಯಿಲ್ಲ, ಗಂಡ ಪುಟ್ಟರಾಜು ಡೇರಿಗೆ ಹಾಲು ಹಾಕಲು ಹೋದವನು ದುದ್ದದ ಬಸ್ ಸ್ಟಾಂಡಿನಲ್ಲಿ ಟೀ ಕುಡಿಯದೆ ಹಿಂದಿರುಗುವ ಜಾತಿಯಲ್ಲ, ಮತ್ತೆ ಯಾರ ಬಳೆ — ಒಗೆಯುವ ಕಲ್ಲಿನ ಮರೆಯಿಂದ ಕತ್ತನ್ನು ಒಂದಿಷ್ಟು ವಾಲಿಸಿದಳು, ನಡುಗೋಡೆಯ ಬುಡದಲ್ಲಿ ಹೋದ ಮಳೆಗಾಲ ಕಲ್ಲು ಜಾರಿ ಆದ ಕಿಂಡಿ, ಕಿಂಡಿಯ ಮುಂದೆ ಸೇವಂತಿಗೆ, ಸೇವಂತಿಗೆಯ ಪಕ್ಕದ ಮಣ್ಣಿನ ಮೇಲೆ ಒಂದು ಕೈ. ಬರೀ ಕೈ, ಮೊಣಕೈವರೆಗೆ ಬಂದು ನಿಂತಿದೆ, ಹಸಿರು ಬಳೆ, ಕಿರುಬೆರಳು ಒಳಕ್ಕೆ ಸೊಟ್ಟ, ಆ ಸೊಟ್ಟ ಬೆರಳನ್ನು ಊರ ಹೆಂಗಸರ ಕೈಗಳನ್ನೆಲ್ಲ ಸಾಲಾಗಿ ಇಟ್ಟರೂ ಅಂಕಮ್ಮ ಗುರುತು ಹಿಡಿದಾಳು, ಬೀಸುವ ಕಲ್ಲಿಗೆ ಸಿಕ್ಕಿ ಸೊಟ್ಟಗಾದದ್ದು, ಅವತ್ತು ಅರಿಶಿನ ಮೆತ್ತಿ ಬಟ್ಟೆ ಸುತ್ತಿದವಳು ತಾನೇ — ದೊಡ್ಡತಾಯಮ್ಮ, ಗಂಡನ ಅಣ್ಣನ ಹೆಂಡತಿ, ಒಂದೇ ಒಲೆಯಲ್ಲಿ ಜೊತೆಗೆ ಮುದ್ದೆ ತೊಳಸಿದ ಅಕ್ಕ, ಮನೆ ಪಾಲಾಗಿ ಹಿತ್ತಲ ನಡುವೆ ಈ ಗೋಡೆ ಎದ್ದ ಮೇಲೂ ಗೋಡೆಯ ಮೇಲಿಂದಲೇ ಸಾರಿನ ಬಟ್ಟಲು ದಾಟಿಸುತ್ತಿದ್ದವಳು, ಈಗ ಎರಡು ಗೌರಿಹಬ್ಬ ಕಳೆಯಿತು, ಮಾತಿಲ್ಲ, ಎದುರು ಸಿಕ್ಕರೆ ಮುಖ ಆಚೆ ಕಡೆಗೆ, ನಲ್ಲಿಯ ಹತ್ತಿರ ತಾನು ಕೊಡ ಇಟ್ಟರೆ ಅವಳು ತನ್ನ ಕೊಡ ಎತ್ತಿಕೊಂಡು ಹೋಗುವುದು — ಅವಳ ಕೈ, ಕದಿಯಲು ಬಂದಿದೆ, ಬಂತಲ್ಲ, ಕೊನೆಗೂ ಬಂತಲ್ಲ, ನಗು ಹೊಟ್ಟೆಯ ಬುಡದಿಂದ ಎದ್ದು ಎದೆಯವರೆಗೆ ಏರಿತು, ನುಂಗಿಕೊಂಡಳು, ಅಲ್ಲಾಡಬಾರದು, ಉಸಿರಿನ ಸದ್ದೂ ಕೇಳಬಾರದು, ನೆಟ್ಟವಳು ನೋಡಿಬಿಟ್ಟರೆ ಕದ್ದ ಗಿಡ ಹತ್ತುವುದಿಲ್ಲ, ಅತ್ತೆ ಹೇಳಿದ್ದು, ಅತ್ತೆಗೆ ಅವರತ್ತೆ ಹೇಳಿದ್ದು, ಈ ಸೀಮೆಯ ಹೆಂಗಸರಿಗೆಲ್ಲ ಗೊತ್ತಿರುವುದು, ಹೂವಿನ ಗಿಡವನ್ನು ಕೇಳಿ ಈಸಿಕೊಳ್ಳಬಾರದು, ಯಾರೂ ಕಾಣದ ಹಾಗೆ ಒಂದು ಮರಿ ಕಿತ್ತು ಸೆರಗಿನಲ್ಲಿ ಸುತ್ತಿಕೊಂಡು ಬಂದುಬಿಡಬೇಕು, ಆಮೇಲೆ ನೋಡು ಅದು ಚಿಗುರುವ ಚೆಂದ.

ಈ ಗಿಡವೂ ಹಾಗೇ ಬಂದದ್ದಲ್ಲವೇ, ಮಂಡ್ಯದ ಗುತ್ತಲಿನಲ್ಲಿ, ಮಗಳು ದೀಪಿಕಳ ಗಂಡನ ಕಡೆಯವರ ಗೃಹಪ್ರವೇಶಕ್ಕೆ ಇಬ್ಬರೂ ರೇಷ್ಮೆ ಸೀರೆ ಉಟ್ಟು ಹೋಗಿದ್ದ ದಿನ, ಪಕ್ಕದ ಮನೆಯ ಗೇಟಿನೊಳಗೆ ಬದನೆ ಹೂವಿನ ಬಣ್ಣದ ಈ ಸೇವಂತಿಗೆ, ಮಂಕರಿ ಬುಟ್ಟಿ ಬೋರಲು ಹಾಕಿದ ಹಾಗೆ ದುಂಡಗೆ, ಮೊಣಕಾಲಿಗಿಂತ ಕೆಳಗೆ, ಎಲೆ ಕಾಣದಷ್ಟು ಹೂವು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದೇ ಸಾಕಾಯಿತು, ಅಕ್ಕ ಗೇಟು ತಟ್ಟಿ ಒಂದು ಲೋಟ ನೀರು ಕೇಳಿದಳು, ನೀರು ಕುಡಿಯುತ್ತಾ ಆ ಮನೆಯಾಕೆಗೆ ತನ್ನ ಮಂಡಿನೋವಿನ ಕಥೆಯನ್ನು ಮೊದಲಿಂದ ಶುರು ಮಾಡಿದಳು, ಅಂಕಮ್ಮ ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿದಳು, ಬೇರು ಸಮೇತ ಮರಿ ಬಂತು, ನೆರಿಗೆಯೊಳಗೆ ಹೋಯಿತು, ಹಿಂದಿರುಗುವಾಗ ಬಸ್ಸಿನಲ್ಲಿ ಕಂಡಕ್ಟರು ಏನಮ್ಮಾ ಸೀರೆಯಿಂದ ಮಣ್ಣು ಉದುರ್ತಾ ಅದೆ ಅಂದರೆ ಅಕ್ಕ ಗಂಭೀರವಾಗಿ, ಪ್ರಸಾದ ಕಣಪ್ಪ, ತುಳೀಬ್ಯಾಡ ಅಂದಳು, ಅವನು ನಿಜವಾಗಿಯೂ ಕಾಲು ಎತ್ತಿಕೊಂಡ, ಊರು ಬರುವವರೆಗೆ ಇಬ್ಬರೂ ಕಿಟಕಿಗೆ ಮುಖ ಕೊಟ್ಟು ನಕ್ಕದ್ದೇ ನಕ್ಕದ್ದು. ಅದನ್ನು ಅಂಕಮ್ಮ ತನ್ನ ಪಾಲಿನ ಹಿತ್ತಲಲ್ಲಿ ನೆಟ್ಟಳು, ಬಿಸಿಲು ಅಲ್ಲೇ ಚೆನ್ನಾಗಿತ್ತು, ಮೊದಲ ವರ್ಷ ಗಿಡ ಸುಮ್ಮನೆ ಉದ್ದಕ್ಕೆ ಬೆಳೆದು ಮಳೆಗೆ ಅಡ್ಡ ಮಲಗಿತು, ಸಗಣಿ ಗೊಬ್ಬರ ಜಾಸ್ತಿ ಹಾಕಿದ್ದಳು, ಎಲೆಯೇ ಎಲೆ, ಭಾರತೀನಗರದಿಂದ ಬಂದ ದೀಪಿಕ ಫೋನಿನಲ್ಲಿ ಏನೋ ನೋಡಿ, ಕುಡಿ ಚಿವುಟ್ಬೇಕು ಕಣವ್ವ, ಚಿವುಟ್ದಷ್ಟೂ ಅಗ್ಲ ಆಯ್ತದೆ ಅಂದಳು, ಚಿವುಟುವುದಕ್ಕೆ ಮೊದಮೊದಲು ಉಗುರೇ ಏಳುತ್ತಿರಲಿಲ್ಲ, ಅಷ್ಟು ಎಳೆಯದನ್ನು, ಪುಟ್ಟರಾಜು ಜಗುಲಿಯಿಂದಲೇ, ಹೂ ಬೇಕು ಅಂತೀಯ, ಕುಡಿ ಕಿತ್ತಾಕ್ತೀಯ, ಇದ್ಯಾವ ಸೀಮೆ ಬೇಸಾಯ ಕಣೆ ಅನ್ನುತ್ತಿದ್ದ, ಚಿವುಟಿದಲ್ಲಿ ಒಂದರ ಬದಲು ಎರಡು ಕವಲು ಬಂತು, ಎರಡನ್ನೂ ಚಿವುಟಿದಳು, ಆಷಾಢ ಕಳೆಯುವವರೆಗೆ ಚಿವುಟು, ಶ್ರಾವಣ ಬಂತೋ ಕೈ ಕಟ್ಟಿಕೊಂಡು ಕೂರು, ಆಮೇಲೆ ಮುಟ್ಟಿದರೆ ಮೊಗ್ಗು ಹೋಯಿತು, ಬೇರೆಯವರ ಸೇವಂತಿಗೆ ಎದೆಯುದ್ದ ಬೆಳೆದು ಕೋಲು ಊರಿಕೊಂಡು ದೀಪಾವಳಿಗೆ ಹೂ ಬಿಡುವಾಗ ಇವಳದು ಗೌರಿಗೇ ದುಂಡಗೆ ತುಂಬಿ ನಿಂತಿತು, ಜೋರು ಮಳೆ ಬಂದು ಹೋದರೂ ಒಂದು ಕೊಂಬೆ ವಾಲಲಿಲ್ಲ. ಅಕ್ಕ ಬಂದಳು ಆಗ, ಹಿತ್ತಲಿಂದಲ್ಲ, ಬೀದಿ ಬಾಗಿಲಿಂದ, ಹೊಸ್ತಿಲ ಆಚೆ ನಿಂತು, ಅಂಕಮ್ಮ, ನಂಗೂ ಒಂದ್ ಮರಿ ಕೊಟ್ಟೀಯಾ ಅಂದಳು — ಕೇಳಿದಳು, ಬೇರೆ ಮನೆಯವಳ ಹಾಗೆ ಕೇಳಿದಳು, ಪಾಲಾದ ಮೇಲೆ ಗೋಡೆ ಹತ್ತಿ ಬಂದು ಕಿತ್ತುಕೊಂಡರೆ ಅದು ನಿಜವಾದ ಕಳವೇ ಆಗಿಬಿಡುತ್ತದೆ ಎಂದು ಅವಳಿಗೆ ಅನ್ನಿಸಿರಬೇಕು, ಅಂಕಮ್ಮನೂ ಬೇರೆ ಮನೆಯವಳ ಹಾಗೆ ಒಳ್ಳೆಯ ಮರಿ ಆರಿಸಿ ಮಣ್ಣುಗಟ್ಟಿ ಕವರಿನಲ್ಲಿಟ್ಟು ಕೈಗೆ ಕೊಟ್ಟಳು, ಕೈಗೆ ಕೈ ಮುಟ್ಟಿ ಕೊಟ್ಟ ಗಿಡ ಎಲ್ಲಿ ಹತ್ತುತ್ತದೆ, ವಾರ ಕಳೆಯುವುದರಲ್ಲಿ ಕೊಳೆಯಿತು, ನಲ್ಲಿಯ ಹತ್ತಿರ ಹೆಂಗಸರೆಲ್ಲ ಇದ್ದಾಗ ಅಕ್ಕ, ಬೇರಿಲ್ದಿರೋದ್ನೇ ಆರ್ಸಿ ಕೊಟ್ಟವ್ಳೆ ಕಣ್ರಮ್ಮ ಅಂದಳು, ಎಂಥ ಮಾತು ಎಂದು ಅಂಕಮ್ಮನಿಗೆ ನಗು ಬಂತು, ಹಾಳು ನಗು, ಬರಬಾರದ ಹೊತ್ತಿಗೇ ಬರುವುದು ಅದರ ಗುಣ, ಅಕ್ಕ ಅದನ್ನು ನೋಡಿದಳು, ಖಾಲಿ ಕೊಡ ಎತ್ತಿಕೊಂಡು ಹೋದಳು, ಅಷ್ಟೇ, ಅಲ್ಲಿಂದ ಮಾತಿಲ್ಲ.

ಕೈ ತಡಕುತ್ತಿದೆ, ಗಿಡದ ನಡುವಿಗೆ ಹೋಯಿತು, ಅಯ್ಯೋ ಅಕ್ಕ, ಅದಲ್ಲ, ಅದು ಹೂ ಬಿಟ್ಟ ಕಡ್ಡಿ, ಅದಕ್ಕೆ ಬೇರೆಲ್ಲಿ ಬರಬೇಕು, ಬುಡಕ್ಕೆ ಇಳಿ, ಬಲಕ್ಕೆ, ನಿನ್ನ ಬಲಕ್ಕಲ್ಲ ನನ್ನ ಬಲಕ್ಕೆ, ಅಲ್ಲಿ ಹೊರಸುತ್ತಿನಲ್ಲಿ ಒಂದು ಮರಿ ತಲೆ ಎತ್ತಿಕೊಂಡು ನಿಂತಿದೆ ನೋಡು, ಅದರ ಸುತ್ತ ನೀರು ಬಿಟ್ಟು ಕಡ್ಡಿಯಲ್ಲಿ ಮಣ್ಣು ಸಡಿಲ ಮಾಡಿಟ್ಟಿದ್ದೇನೆ, ನಿನಗೆಂದೇ, ಮಾಘ ಮಾಸದಲ್ಲಿ ಗುಂಪು ಅಗೆದು, ನಡುವಿನ ಕಟ್ಟಿಗೆಯಾದ ಬುಡವನ್ನು ತಿಪ್ಪೆಗೆ ಎಸೆದು, ಸುತ್ತಿನ ಎಳೆ ಮರಿಗಳಲ್ಲಿ ಚೆಂದದ್ದನ್ನು ತಂದು ಈ ಕಿಂಡಿಯ ಮುಂದೆ ನೆಟ್ಟದ್ದೂ ನಿನಗೆಂದೇ — ಜಾರಿದ ಕಲ್ಲನ್ನು ಕೂರಿಸಲು ಪುಟ್ಟರಾಜು ಮಣ್ಣು ಕಲಸಿಕೊಂಡು ಬಂದಿದ್ದ, ಇರ್ಲಿ ಬುಡಿ, ಗಾಳಿ ಬತ್ತದೆ ಅಂದಳು ಅಂಕಮ್ಮ, ಹಿತ್ತಲಿಗೆ ಗಾಳಿ ಕಿಂಡಿಯಿಂದ ಬರಬೇಕಾ ಎಂದು ಅವನು ಒಂದು ಗಳಿಗೆ ಆಕಾಶ ನೋಡಿದ, ಆಮೇಲೆ ಅಲ್ಲಿ ಸೇವಂತಿಗೆ ನೆಟ್ಟದ್ದು ಕಂಡು, ಇಲಿಗೆ ಬೋನಿಟ್ಟಂಗದೆ ಕಣೆ ಅಂದ, ಅಂದವನು ಕಲಸಿದ ಮಣ್ಣನ್ನು ಕೊಟ್ಟಿಗೆಯ ಗೋಡೆಗೆ ಮೆತ್ತಿದ, ಮತ್ತೆ ಆ ವಿಷಯ ಎತ್ತಲಿಲ್ಲ. ದಿನಾ ಬೆಳಗ್ಗೆ ಎದ್ದು ನೋಡುವುದು, ಗಿಡ ಹಾಗೇ ಇದೆ, ಮೊಗ್ಗಾಯಿತು, ಹಾಗೇ ಇದೆ, ಬಣ್ಣ ಒಡೆಯಿತು, ಯಾರೂ ಮುಟ್ಟಿಲ್ಲ, ಗೌರಿಹಬ್ಬ ಈ ವಾರ, ಇದೂ ಮಾತಿಲ್ಲದ ಹಬ್ಬವಾಗಿ ಹೋದರೆ ಮುಂದಿನದಕ್ಕೆ ಮಾತಾಡುವ ಅಭ್ಯಾಸವೇ ತಪ್ಪಿಹೋಗುತ್ತದೆ ಎಂದು ರಾತ್ರಿ ಅವಳಿಗೆ ಅನ್ನಿಸಿತ್ತು, ಈಗ ನೋಡಿದರೆ ಕೈ ಬಂದು ಹೂವಿನ ಮೇಲೆ ನಿಂತಿದೆ, ಕೀಳುತ್ತಿಲ್ಲ, ಅಂಗೈಯನ್ನು ಹೂಗಳ ಮೇಲೆ ಸುಮ್ಮನೆ ಆಡಿಸುತ್ತಿದೆ, ಕರುವಿನ ಬೆನ್ನು ಸವರುವ ಹಾಗೆ, ಎಷ್ಟು ಗಿಡ್ಡಕ್ಕೆ ಎಷ್ಟು ದಟ್ಟಕ್ಕೆ ಬಂದಿದೆ ಎಂದು ಲೆಕ್ಕ ಹಾಕುತ್ತಿರಬೇಕು, ನೋಡು, ಚೆನ್ನಾಗಿ ನೋಡು, ಅಂಕಮ್ಮನ ಎದೆ ಉಬ್ಬಿತು, ಉಬ್ಬಿದ ಎದೆಗೆ ಬೂದಿಯ ಧೂಳು ಇಳಿಯಿತು, ಗಂಟಲಲ್ಲಿ ಕೆರೆತ, ಕೆಮ್ಮು, ಈಗಲೇ ಬರಬೇಕಾ, ಬಾಯಿ ಮುಚ್ಚಿ ಕಣ್ಣು ಮುಚ್ಚಿ ಉಸಿರು ಹಿಡಿದಳು, ಹೊರಗೆ ಗಾಡಿಯ ಸದ್ದು, ಪುಟ್ಟರಾಜು, ಇವತ್ತೇ ಟೀ ಕುಡಿಯದೆ ಬರಬೇಕಾ, ಬಂದವನೇ ದಿನದ ಹಾಗೆ ಅಂಕಮ್ಮಾ ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿಕೊಂಡು ಹಿತ್ತಲಿಗೆ ನುಗ್ಗುತ್ತಾನೆ, ಮುಗಿಯಿತು — ಕೊಟ್ಟಿಗೆಯ ಸಂದಿಯಿಂದ ಖಾಲಿ ಕ್ಯಾನು ಹಿಡಿದು ಬಂದ, ಬಾಯಿ ತೆರೆದ, ಅಂಕಮ್ಮ ಬೂದಿ ಬೆರಳನ್ನು ತುಟಿಗೆ ಒತ್ತಿದಳು, ತುಟಿಯೆಲ್ಲ ಬೂದಿ, ಕಣ್ಣಿನಲ್ಲೇ ಕಿಂಡಿ ತೋರಿಸಿದಳು, ಅವನು ನೋಡಿದ, ಕೈ ಮಣ್ಣಿಗಂಟಿಕೊಂಡ ಹಲ್ಲಿಯ ಹಾಗೆ ಅಲ್ಲೇ ಸ್ತಬ್ಧವಾಗಿದೆ, ಅವನ ತೆರೆದ ಬಾಯಿ ತೆರೆದೇ ಇತ್ತು, ಆಮೇಲೆ ನಿಧಾನವಾಗಿ ಮುಖವೆಲ್ಲ ಅಗಲವಾಯಿತು, ಕೋಳಿಗಳ ಕಡೆ ತಿರುಗಿ, ನಾಟಕದವನ ಗಂಟಲಲ್ಲಿ, ಯಾರೂ ಇಲ್ವಾ ಮನೇಲಿ, ಇವ್ಳು ಕೆರೆ ತಾವ ಓಗವ್ಳೆ ಅಂತ ಕಾಣ್ತದೆ, ನಾನೂ ಒಂದ್ ಗಳ್ಗೆ ಮನಿಕತೀನಿ ಬುಡಪ್ಪ ಅಂದ, ಇಷ್ಟು ವರ್ಷದ ಸಂಸಾರದಲ್ಲಿ ಎಲ್ಲಿಗೆ ಹೋಗುತ್ತೇನೆಂದು ಹೆಂಡತಿಗೇ ಹೇಳದವನು ಕೋಳಿಗಳಿಗೆ ಹೇಳಿ ಧಪಧಪ ಹೆಜ್ಜೆ ಹಾಕಿಕೊಂಡು ಹೋಗಿ ಹಿತ್ತಲ ಬಾಗಿಲನ್ನು ದಢಾರನೆ ಎಳೆದುಕೊಂಡ.

ಒಂದು ಉಸಿರು, ಎರಡು, ಕೈಗೆ ಜೀವ ಬಂತು, ಈಗ ಬುಡಕ್ಕೆ ಇಳಿಯಿತು, ಹೊರಸುತ್ತಿಗೆ ಸರಿಯಿತು, ಹಾಂ ಅಲ್ಲೇ, ಬೆರಳುಗಳು ಮಣ್ಣಿನ ಸಡಿಲವನ್ನು ಕಂಡುಕೊಂಡವು, ಕಂಡುಕೊಂಡು ಒಂದು ಗಳಿಗೆ ನಿಂತವು, ಯಾಕಿಷ್ಟು ಸಡಿಲ ಎಂದು ಅನುಮಾನ ಪಡುವ ಹಾಗೆ, ಪಡಬೇಡ, ತಗೊ, ಆ ಸೊಟ್ಟ ಕಿರುಬೆರಳೇ ಕೊಕ್ಕೆಯ ಹಾಗೆ ಒಳಕ್ಕೆ ಹೋಯಿತು, ಬೇರಿನಡಿಗೆ ಹೋಗಿ ಮೆಲ್ಲಗೆ ಮೀಟಿತು, ನೆಟ್ಟಗಿನ ಬೆರಳಿಗೆ ಬಾರದ ಕೆಲಸ, ಮರಿ ಹೆಂಟೆ ಸಮೇತ ಎದ್ದು ಬಂತು, ಬಿಳಿ ಬೇರು ಕಂಡಿತು ಅಂಕಮ್ಮನಿಗೆ, ನಾಲ್ಕಾರು, ಎಳೆಯವು, ಮುರಿದಿಲ್ಲ, ಕಿಂಡಿಯೊಳಗೆ ಕೈಯೂ ಮರಿಯೂ ಮಾಯ. ಹೋಯಿತು. ಸಿಕ್ಕಿತು ಅವಳಿಗೆ. ಗೋಡೆಯ ಆಚೆ ಸೆರಗು ಕೊಡವಿದ ಸದ್ದು, ಎಲ್ಲಿ ನೆಡುತ್ತಾಳೆ, ಬಾವಿಕಟ್ಟೆಯ ಪಕ್ಕ ಬೇಡ, ಅಲ್ಲಿ ನೆರಳು, ನುಗ್ಗೆಮರ ದಾಟಿ ನೆಡಲಿ, ಆಷಾಢ ಕಳೆಯುವವರೆಗೆ ಚಿವುಟಬೇಕೆಂದು ಅವಳಿಗೆ ಯಾರು ಹೇಳುತ್ತಾರೆ, ನಲ್ಲಿಯ ಹತ್ತಿರ ಬೇರೆ ಯಾರಿಗೋ ಹೇಳುವ ಹಾಗೆ ಜೋರಾಗಿ ಹೇಳಿದರಾಯಿತು, ಬರುವ ವರ್ಷ ಗೋಡೆಯ ಆ ಕಡೆ ಒಂದು ಮಂಕರಿ ಈ ಕಡೆ ಒಂದು ಮಂಕರಿ, ಗುತ್ತಲಿನ ಆ ಮನೆಯಾಕೆ ಬಂದು ನೋಡಿದರೆ ಎದೆ ಬಡಿದುಕೊಳ್ಳಬೇಕು, ಕಾಲು ಜೋಮು ಹಿಡಿದಿದೆ, ಈಗ ಏಳಬಹುದು, ಕೆಮ್ಮಬಹುದು, ಅವಳು ಒಳಗೆ ಹೋಗಿರುತ್ತಾಳೆ — ಇಲ್ಲ, ಕೈ ಮತ್ತೆ ಬಂತು, ಬರಿಗೈ, ಹೊಸ ಮಣ್ಣು ಅಂಟಿದ್ದು, ಮರಿ ಕಿತ್ತ ಗುಂಡಿಗೆ ಸುತ್ತಲ ಮಣ್ಣು ಎಳೆದು ತುಂಬಿತು, ಉಳಿದ ಗಿಡದ ಬೇರು ಅಲ್ಲಾಡದ ಹಾಗೆ ಅಂಗೈಯಲ್ಲಿ ಒತ್ತಿತು, ತಟ್ಟಿತು, ಕಳ್ಳಿಗೆ ಯಾಕೆ ಬೇಕು ಈ ಕೆಲಸ, ಯಾವ ಕಳ್ಳಿ ಹೀಗೆ ಮಾಡುತ್ತಾಳೆ, ಒಂದು ಸಲ ತಟ್ಟಿದರೆ ಸಾಕಿತ್ತು, ಇನ್ನೊಂದು ಸಲ ತಟ್ಟಿತು, ಗೋಡೆಯ ಆಚೆಯಿಂದ ಧ್ವನಿ, ಎರಡು ವರ್ಷದಿಂದ ತನ್ನ ಕಡೆಗೆ ತಿರುಗದೇ ಇದ್ದ ಧ್ವನಿ, ಒಂಚೂರು ಒರಟಾಗಿದೆ — ಕೆಮ್ಮು ಬುಡಮ್ಮಿ, ಎಷ್ಟೊತ್ತು ಅಂತ ಉಸ್ರು ಇಡ್ಕಂಡು ಕುಂತಿದ್ದೀಯ, ಕ್ಯಾನು ಉಜ್ಜೋ ಸದ್ದು ನಿಂತಾಗ್ಲೇ ಗೊತ್ತಾಯ್ತು ನಂಗೆ, ನೀನು ನೋಡ್ನಿಲ್ಲ, ನಾನು ಕೀಳ್ನಿಲ್ಲ, ತಿಳೀತಾ — ಅಂಕಮ್ಮನಿಗೆ ಕೆಮ್ಮೂ ನಗುವೂ ಒಟ್ಟಿಗೆ ಕಿತ್ತುಕೊಂಡು ಬಂತು, ಯಾವುದು ಯಾವುದೆಂದು ಅವಳಿಗೇ ಗೊತ್ತಾಗಲಿಲ್ಲ, ಉತ್ತರ ಕೊಡಬಾರದು, ಹೂಂ ಅಂದರೂ ಗಿಡವನ್ನು ಕೈಯಾರೆ ಕೊಟ್ಟ ಹಾಗಾಗುತ್ತದೆ, ಕಣ್ಣಲ್ಲಿ ನೀರು ತುಂಬಿ ಗೋಡೆ ಹೋಯಿತು, ಹೂವು ಹೋಯಿತು, ಕೈ ಒಂದು ಉಳಿಯಿತು, ಹಿಂದಕ್ಕೆ ಹೋಗುತ್ತಿಲ್ಲ, ಮುಚ್ಚಿದ ಗುಂಡಿಯ ಮೇಲೆ, ಕಿರುಬೆರಳು ಸೊಟ್ಟಗೆ ಪಕ್ಕಕ್ಕೆ, ತಟ್ಟುತ್ತಿದೆ, ನಿಂತಿತು, ಮತ್ತೆ ತಟ್ಟುತ್ತಿದೆ, ಇನ್ನೂ ಅಲ್ಲೇ, ಆ ಕೈ —