‘ಅನ್ಸುತ್ತೆ’ ಡಾಕ್ಟರು

ಅವರ ಬಾಯಲ್ಲಿ ‘ಖಂಡಿತ’ ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ. ಊಟವಾಯಿತೇ ಎಂದು ವಿಚಾರಿಸಿದರೂ ಒಂದು ಕ್ಷಣ ತಡೆದು, “ಆಯ್ತು ಅನ್ಸುತ್ತೆ” ಎನ್ನುವವರು. ಆಸ್ಪತ್ರೆಯವರು ಬೆನ್ನ ಹಿಂದೆ ಇಟ್ಟ ಹೆಸರು ‘ಅನ್ಸುತ್ತೆ ಡಾಕ್ಟರು’. ಅದು ಅವರಿಗೂ ಗೊತ್ತಿತ್ತು, ಅಥವಾ ನನಗೆ ಹಾಗನ್ನಿಸುತ್ತಿತ್ತು.

ಕುತ್ತಿಗೆಯ ಥೈರಾಯ್ಡ್ ಗಂಟುಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡುವುದು ಅವರ ಕೆಲಸ. ತೋಳಿನ ಮೇಲೆ ಒಣಗಿದ ಜೆಲ್ಲಿನ ಹೊಳಪು ಹೊತ್ತ ನೀಲಿ ಸ್ವೆಟರು. ಕತ್ತಲ ಕೋಣೆಯಿಂದ ಕಾರಿಡಾರಿನ ಬೆಳಕಿಗೆ ಬರುವಾಗ ಆಳ ತಿಳಿಯದ ನೀರಿಗೆ ಇಳಿಯುವವರ ನಡಿಗೆ. ಬಾಟಲಿಯನ್ನು ಅಂಗೈಗಳ ನಡುವೆ ಬೆಚ್ಚಗೆ ಮಾಡದೆ ಯಾರ ಕುತ್ತಿಗೆಗೂ ಜೆಲ್ ಹಚ್ಚಿದವರಲ್ಲ. ಪರದೆಯ ಮೇಲೆ ಬೂದು ಮೋಡಗಳು ತೇಲುತ್ತಿದ್ದವು, ನಡುವೆ ಗಂಟೊಂದು ಮಸುಕು ಚಂದ್ರನಂತೆ ಮೂಡಿ ಮರೆಯಾಗುತ್ತಿತ್ತು. ಅಂಚು ಒರಟಾಗಿದ್ದರೆ, ಒಳಗೆ ಮರಳಿನಂಥ ಬಿಳಿ ಚುಕ್ಕಿಗಳಿದ್ದರೆ ಅನುಮಾನ. ಆದರೆ ಅನುಮಾನದ ಗಂಟುಗಳಲ್ಲಿ ಎಷ್ಟೋ ನಿರುಪದ್ರವಿಗಳು, ಸಾಧುವಾಗಿ ಕಾಣುವವುಗಳಲ್ಲೂ ಅಪರೂಪಕ್ಕೊಂದು ಕ್ಯಾನ್ಸರು ಎಂದು ಅವರು ನನಗೆ ಬಿಡಿಸಿ ಹೇಳಿದ್ದರು.

ಅವರ ಬಳಿ ಕೆಲಸ ಕಲಿಯುತ್ತ ನಾನು ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಒಂದು ಮಧ್ಯಾಹ್ನ ಅವರ ಅಕ್ಕನೇ ಬಂದು ಮಂಚದ ಮೇಲೆ ಮಲಗಿದರು. ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿಗಳ ಬರುವಿಕೆಯನ್ನು ಸಾರುವ ದನಿ ಅವರದು. ಕುತ್ತಿಗೆಯಲ್ಲಿ ಕಂಡ ಗಂಟಿಗೆ ಆಪರೇಷನ್ ಮಾಡಿದರೆ ದನಿಯೇ ಹೋದೀತೆಂಬ ಭಯ ಅವರಿಗೆ. ಆ ಭಯಕ್ಕೆ ಅವರು ಮಾತು ನಿಲ್ಲಿಸದೆ ಇದ್ದುದರಿಂದ ಪರದೆಯ ಮೋಡಗಳೆಲ್ಲ ನಡುಗುತ್ತಿದ್ದವು.

“ನನ್ನ ಹತ್ರನೂ ಅನ್ಸುತ್ತೆ ಗಿನ್ಸುತ್ತೆ ಅಂದ್ರೆ ಎದ್ದು ಹೋಗ್ತೀನಿ ನೋಡು.”

“ನೀನು ದಿನಾ ಮೈಕಲ್ಲಿ ‘ಬರುವ ನಿರೀಕ್ಷೆಯಿದೆ’ ಅಂತೀಯಲ್ಲ, ಅದೇನು ಮತ್ತೆ?”

“ರೈಲು ತಡವಾದ್ರೆ ಯಾರೂ ಸಾಯಲ್ಲ ಕಣೇ.”

ತಂಗಿಯ ಕೈ ನಿಂತಿತು. ಪರದೆಯ ಚಿತ್ರವೂ ನಿಂತಿತು.

“ಏನಿಲ್ಲ ಬಿಡಕ್ಕ.”

ಅಕ್ಕ ನಿರಾಳವಾಗಿ ಚಪ್ಪಲಿ ಮೆಟ್ಟಿ ಹೋದ ಮೇಲೂ ಅವರು ಅದೇ ಚಿತ್ರದ ಮುಂದೆ ಕೂತಿದ್ದರು. ಗಂಟು ನಯವಾಗಿ ಕಂಡ ಕಡೆಯಲ್ಲೇ ತಮ್ಮ ಕೈ ನಿಂತದ್ದು, ಅದರ ಹಿಂಬದಿಗೆ ಹೋಗದೇ ಉಳಿದದ್ದು ಅವರಿಗೆ ಹೊಳೆದಿತ್ತು. ಮರುದಿನ ಅಕ್ಕನನ್ನು ಕರೆಸಿ, ಸಹೋದ್ಯೋಗಿಯ ಕೈಗೊಪ್ಪಿಸಿ, ತಾವು ಗೋಡೆಗೆ ಮುಖ ಮಾಡಿ ನಿಂತರು. ಹಿಂಬದಿಯ ಅಂಚು ಒರಟಾಗಿತ್ತು. ಸೂಜಿ ಹಾಕಿ ಮಾದರಿ ತೆಗೆದರು. ಫಲಿತಾಂಶ ಬರುವವರೆಗೆ ಅಕ್ಕ ತಂಗಿಯೊಡನೆ ಮಾತು ಬಿಟ್ಟಿದ್ದರು.

ಕ್ಯಾನ್ಸರ್ ಕಾಣಲಿಲ್ಲ. ಅಕ್ಕನಿಗೆ ಸಮಾಧಾನಕ್ಕಿಂತ ಮೊದಲು ಸಿಟ್ಟು ಬಂತು.

“ನೀನು ಮೊದಲು ಹೇಳಿದ್ದೇ ಸರಿ ಇತ್ತಲ್ಲೇ! ಸುಮ್ನೆ ಚುಚ್ಚಿಸಿದೆ.”

“ಸರಿ ಇತ್ತು ಅಕ್ಕ. ಆದ್ರೆ ನಾನು ನೋಡಿರ್ಲಿಲ್ಲ.”

ವರ್ಷ ಬಿಟ್ಟು ಮತ್ತೆ ಬಂದು ತೋರಿಸಬೇಕೆಂದೂ ಸೇರಿಸಿದರು.

ಈಗಲೂ ನಿಲ್ದಾಣದ ಮಬ್ಬಿನೊಳಗಿಂದ ‘ಬರುವ ನಿರೀಕ್ಷೆಯಿದೆ’ ಎಂಬ ಆ ದನಿ ತೇಲಿಬರುವಾಗ ನನಗೆ ಕತ್ತಲ ಕೋಣೆ ನೆನಪಾಗುತ್ತದೆ. ಧೈರ್ಯ ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ತಮ್ಮ ಪ್ರೀತಿಯನ್ನೇ ಅನುಮಾನಿಸಿ, ಇನ್ನೊಮ್ಮೆ ನೋಡುವವರು ಅಪರೂಪ. ಅಂಥವರು ಬದುಕಿನುದ್ದಕ್ಕೂ ಅರೆಬೆಳಕಿನಲ್ಲೇ ನಡೆಯುತ್ತಾರೆ, ಅಂಗೈಗಳ ನಡುವೆ ಏನನ್ನೋ ಬೆಚ್ಚಗೆ ಹಿಡಿದುಕೊಂಡು.